ಮನೆಯ ಫ್ರಿಜ್‌ನ ತೊಂದರೆಗಳು: ಗುರುತಿಸುವ ಮತ್ತು ಸರಿಪಡಿಸುವ ಕ್ರಮಗಳು

ಕಳೆದ ಬೇಸಿಗೆಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ರೈತರೊಬ್ಬರ ಹಿಪ್ಪುನೇರಳೆ ತೋಟ ನೋಡಲು ಹೋಗಿದ್ದೆನು. ಗಿಡಗಳು ಅಲ್ಲಲ್ಲಿ ಕುಳ್ಳಾಗಿ, ಎಲೆಗಳು ಹಳದಿಯಾಗಿದ್ದವು. ಸಾರಜನಕದ ಕೊರತೆಯೆಂದು ತಿಳಿದು ಅವರು ಎರಡು ಬಾರಿ ಯೂರಿಯಾ ಹಾಕಿದ್ದರು. ಪ್ರಯೋಜನವಾಗಿರಲಿಲ್ಲ. ಒಂದು ಗಿಡವನ್ನು ಅಗೆದು ನೋಡಿದಾಗ ಬೇರಿನ ತುಂಬ ಗಂಟುಗಳಿದ್ದವು. ಅದು ಬೇರುಗಂಟು ಜಂತುಹುಳುವಿನ ಬಾಧೆ. ಅದಕ್ಕೆ ಯೂರಿಯಾ ಮದ್ದಲ್ಲ.

ತೋಟದಿಂದ ಮನೆಗೆ ಬಂದು ನೀರು ಕುಡಿಯುತ್ತಿದ್ದಾಗ ಅವರು, "ಸಾರ್, ಹಾಗೇ ಈ ಫ್ರಿಜ್ಜೂ ಒಂದು ಸಲ ನೋಡಿಬಿಡಿ. ಎರಡು ಸಲ ಗ್ಯಾಸ್ ತುಂಬಿಸಿದ್ದಾಯಿತು, ಹಾಲು ಮಾತ್ರ ನಿಲ್ಲುತ್ತಿಲ್ಲ" ಎಂದರು. ಗೂಡು ಮಾರಿದ ಹಣದಿಂದ ಕೊಂಡ ಒಂದು ಬಾಗಿಲಿನ ಫ್ರಿಜ್ ಅದು. ಅಡುಗೆ ಮನೆಯ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿತ್ತು. ಹಿಂಭಾಗದ ಸಂದಿಯಲ್ಲಿ ಖಾಲಿ ಗೋಣಿಚೀಲಗಳನ್ನು ಮಡಿಸಿ ತುರುಕಲಾಗಿತ್ತು. ಬಾಗಿಲು ತೆರೆದು ನೋಡಿದೆ. ಮೇಲಿನ ಮಂಜಿನ ಪೆಟ್ಟಿಗೆಯ ಸುತ್ತ ಎರಡು ಬೆರಳು ದಪ್ಪದ ಮಂಜುಗಡ್ಡೆ ಕಟ್ಟಿತ್ತು. ಆ ಮಂಜಿನ ನಡುವೆ ಒಂದು ಸಣ್ಣ ಔಷಧದ ಸೀಸೆ ಇತ್ತು. ಅದು ಮನೆಯ ಅಜ್ಜಿಯ ಇನ್ಸುಲಿನ್. ಕೆಳಗೆ ತಂಪು ಸಾಲದೆಂದು ಅದನ್ನು ಮೇಲೆ ಇಟ್ಟಿದ್ದರು. ಅದು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಹದಿನೈದು ದಿನಗಳಿಂದ ಸೂಜಿ ತಪ್ಪದೆ ಚುಚ್ಚಿಸಿಕೊಂಡರೂ ಅಜ್ಜಿಗೆ ಸಕ್ಕರೆ ಇಳಿದಿರಲಿಲ್ಲ. ಪ್ರತಿದಿನ ಸೀಸೆಯನ್ನು ಹೊರಗಿಟ್ಟು ಕರಗಿಸಿ ಬಳಸುತ್ತಿದ್ದರಂತೆ.

ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ನಂತರವೂ ಬಳಕೆಗೆ ಯೋಗ್ಯವಲ್ಲ. ಆ ದಿನವೇ ಹೊಸ ಸೀಸೆ ತರಿಸಿ, ವೈದ್ಯರನ್ನು ಕಾಣಲು ತಿಳಿಸಿದೆ. ಬೆಳೆಯ ರೋಗದಂತೆ ಫ್ರಿಜ್‌ನ ತೊಂದರೆಯಲ್ಲಿಯೂ ಕಾರಣ ತಿಳಿಯದೆ ಮಾಡಿದ ಉಪಚಾರದಿಂದ ಹಣ ಹೋಗುತ್ತದೆ, ಕೆಲವೊಮ್ಮೆ ಆರೋಗ್ಯವೂ ಹೋಗುತ್ತದೆ. ಆದುದರಿಂದ ಲಕ್ಷಣ ನೋಡಿ ಕಾರಣ ಗುರುತಿಸುವುದು, ಮನೆಯವರೇ ಮಾಡಬಹುದಾದ ಕ್ರಮಗಳು ಮತ್ತು ಮೆಕ್ಯಾನಿಕ್‌ಗೆ ಬಿಡಬೇಕಾದ ಕೆಲಸಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಫ್ರಿಜ್ ಕೆಲಸ ಮಾಡುವ ರೀತಿ

ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಎಲ್ಲರಿಗೂ ಗೊತ್ತು. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಫ್ರಿಜ್‌ನಲ್ಲಿ ನಡೆಯುವುದೂ ಇದೇ. ಆದರೆ ಇಲ್ಲಿ ಆವಿಯಾದ ದ್ರವ ಗಾಳಿಗೆ ಸೇರಿ ಹೋಗುವುದಿಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿಯೇ ಸುತ್ತುತ್ತದೆ.

ಕೆಳಗೆ ಹಿಂಭಾಗದಲ್ಲಿರುವ ಕಂಪ್ರೆಸರ್ ಎಂಬ ಕಪ್ಪು ಗುಂಡಿನಂತಹ ಯಂತ್ರವು ಅನಿಲವನ್ನು ಒತ್ತುತ್ತದೆ. ಒತ್ತಿದ ಅನಿಲ ಬಿಸಿಯಾಗಿ ಹಿಂಭಾಗದ ಜಾಲರಿ ಕೊಳವೆಗಳಲ್ಲಿ ಹರಿಯುತ್ತದೆ. ಅಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಅನಂತರ ಕೂದಲೆಳೆಯಷ್ಟು ಸಣ್ಣ ರಂಧ್ರದ ಕೊಳವೆಯ ಮೂಲಕ ಮಂಜಿನ ಪೆಟ್ಟಿಗೆಗೆ ಬಂದು, ಅಲ್ಲಿ ಒತ್ತಡ ಕಡಿಮೆಯಾದ ಕೂಡಲೆ ಕುದಿದು ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಮತ್ತೆ ಕಂಪ್ರೆಸರ್‌ಗೆ ಹಿಂತಿರುಗುತ್ತದೆ.

ಇದರಿಂದ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರಗೆ ಹಾಕಲು ಜಾಗವಿಲ್ಲದಿದ್ದರೆ ಒಳಗೆ ತಂಪಾಗುವುದಿಲ್ಲ. ಎರಡನೆಯದಾಗಿ, ಒಳಗಿನ ಅನಿಲ ಟ್ರ್ಯಾಕ್ಟರಿನ ಡೀಸೆಲ್‌ನಂತೆ ಉರಿದು ಖರ್ಚಾಗುವುದಿಲ್ಲ. ಕೊಳವೆ ಎಲ್ಲಿಯಾದರೂ ತೂತಾದರೆ ಮಾತ್ರ ಕಡಿಮೆಯಾಗುತ್ತದೆ.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಫ್ರಿಜ್‌ಗಳಿವೆ. ಒಂದು ಬಾಗಿಲಿನ ಸಾಧಾರಣ ಫ್ರಿಜ್‌ನಲ್ಲಿ ಮಂಜು ಕಟ್ಟುತ್ತದೆ. ಅದನ್ನು ಗುಂಡಿ ಒತ್ತಿ ಕರಗಿಸಬೇಕು. ಎರಡು ಬಾಗಿಲಿನ, ಮಂಜು ಕಟ್ಟದ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಒಂದು ಫ್ಯಾನ್ ತಂಪು ಗಾಳಿಯನ್ನು ಎಲ್ಲ ಕಡೆಗೆ ಹರಡುತ್ತದೆ. ಒಳಗಿನ ಒಂದು ಹೀಟರ್ ಆಗಾಗ್ಗೆ ಮಂಜನ್ನು ತಾನೇ ಕರಗಿಸುತ್ತದೆ.

ಮೊದಲು ಉಷ್ಣಾಂಶ ಅಳೆಯಿರಿ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂದು ಹೇಳುತ್ತೇವೆ. ಹಾಗೆಯೇ ಉಷ್ಣಾಂಶ ಅಳೆಯದೆ ಫ್ರಿಜ್ ಕೆಟ್ಟಿದೆ ಎಂದು ನಿರ್ಧರಿಸಬಾರದು. ಕೈಯಿಂದ ಮುಟ್ಟಿ ನೋಡಿದರೆ 4 ಡಿಗ್ರಿಯೂ 10 ಡಿಗ್ರಿಯೂ ತಣ್ಣಗೆಯೇ ಅನಿಸುತ್ತವೆ. ಆದರೆ ಹಾಲು, ಮಾಂಸ ಮತ್ತು ಔಷಧಗಳಿಗೆ ಈ ವ್ಯತ್ಯಾಸ ದೊಡ್ಡದು.

ಫ್ರಿಜ್‌ನಲ್ಲಿಡುವ ಥರ್ಮಾಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ಲೋಟ ನೀರಿನಲ್ಲಿ ಅದನ್ನು ನಿಲ್ಲಿಸಿ ಮಧ್ಯದ ತಟ್ಟೆಯ ಮೇಲೆ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೆ ಓದಬೇಕು. 2ರಿಂದ 5 ಡಿಗ್ರಿ ಸೆಲ್ಸಿಯಸ್ ಇದ್ದರೆ ಫ್ರಿಜ್ ಸರಿಯಾಗಿದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಉಪಯೋಗವಿಲ್ಲ, ಅದರ ಅಳತೆ ಸುಮಾರು 35 ಡಿಗ್ರಿಯಿಂದ ಪ್ರಾರಂಭವಾಗುತ್ತದೆ. ಮೇಲೂರಿನಲ್ಲಿ ನನ್ನ ಚೀಲದಲ್ಲಿದ್ದ ಮಣ್ಣಿನ ಥರ್ಮಾಮೀಟರನ್ನೇ ಸೋಪು ಹಾಕಿ ತೊಳೆದು ಬಳಸಿದೆ. ಮಧ್ಯದ ತಟ್ಟೆಯಲ್ಲಿದ್ದ ನೀರು 13 ಡಿಗ್ರಿ ತೋರಿಸಿತು.

ಫ್ರಿಜ್ ಒಳಗಿನ ತಿರುಗುಗುಂಡಿಯ ಮೇಲಿರುವ 1, 2, 3 ಎಂಬ ಅಂಕಿಗಳು ಡಿಗ್ರಿಗಳಲ್ಲ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ಗುಂಡಿಯನ್ನು ಒಂದು ಅಂಕಿಯಷ್ಟು ತಿರುಗಿಸಿದ ನಂತರ ಒಂದು ದಿನ ಕಾಯ್ದು ಮತ್ತೆ ಅಳೆಯಬೇಕು.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

1. ಫ್ರಿಜ್ ನಡೆಯುವುದೇ ಇಲ್ಲ: ಬಾಗಿಲು ತೆರೆದಾಗ ಒಳಗಿನ ದೀಪ ಹತ್ತುತ್ತದೆಯೇ ನೋಡಿ. ದೀಪವೂ ಇಲ್ಲದಿದ್ದರೆ ತೊಂದರೆ ವಿದ್ಯುತ್ತಿನದು. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಪರೀಕ್ಷಿಸಿ. ಪ್ಲಗ್ ಸಡಿಲವಾಗಿ ಕಪ್ಪಾಗಿದ್ದರೆ ಬದಲಾಯಿಸಬೇಕು. ಸ್ಟೆಬಿಲೈಸರ್ ಇದ್ದರೆ ಅದರ ಫ್ಯೂಸ್ ನೋಡಬೇಕು. ದೀಪ ಹತ್ತಿಯೂ ಕಂಪ್ರೆಸರ್ ಸದ್ದಿಲ್ಲದಿದ್ದರೆ ತಿರುಗುಗುಂಡಿ ಸೊನ್ನೆಯಲ್ಲಿರಬಹುದು, ಅಥವಾ ಮಂಜು ಕರಗಿಸುವ ಗುಂಡಿ ಒತ್ತಿಕೊಂಡಿರಬಹುದು. ಇವೆರಡೂ ಸರಿಯಿದ್ದರೆ ಥರ್ಮೋಸ್ಟಾಟ್ ಅಥವಾ ಕಂಪ್ರೆಸರ್ ಪಕ್ಕದ ರಿಲೇ ಕೆಟ್ಟಿರುವ ಸಂಭವವಿದೆ. ಇದು ಮೆಕ್ಯಾನಿಕ್ ಕೆಲಸ.

2. 'ಟಿಕ್' ಎಂದು ಸದ್ದಾಗಿ ನಿಲ್ಲುತ್ತದೆ: ಕಂಪ್ರೆಸರ್ ಕೆಲವು ಸೆಕೆಂಡು ಗುಂಯ್‌ಗುಟ್ಟಿ, 'ಟಿಕ್' ಎಂದು ನಿಂತು, ಕೆಲವು ನಿಮಿಷಗಳ ನಂತರ ಮತ್ತೆ ಹಾಗೆಯೇ ಮಾಡುವುದು ಹಳ್ಳಿಗಳಲ್ಲಿ ಬಹಳ ಸಾಮಾನ್ಯ. ಇದಕ್ಕೆ ಮುಖ್ಯ ಕಾರಣ ಕಡಿಮೆ ವೋಲ್ಟೇಜ್. ಮನೆಗೆ ಬರಬೇಕಾದದ್ದು 230 ವೋಲ್ಟ್. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮತ್ತು ಪಂಪ್‌ಸೆಟ್ಟಿನ ಮಾರ್ಗಗಳನ್ನು ಬೇರ್ಪಡಿಸಿದ ಕಡೆ ತೊಂದರೆ ಕಡಿಮೆ. ಆದರೆ ಪಂಪ್‌ಸೆಟ್ ಮಾರ್ಗದಿಂದಲೇ ವಿದ್ಯುತ್ ಪಡೆಯುವ ತೋಟದ ಮನೆಗಳಲ್ಲಿ, ಅಕ್ಕಪಕ್ಕದ ಬೋರ್‌ವೆಲ್‌ಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ. ಕಂಪ್ರೆಸರ್ ತಿರುಗಲು ಶಕ್ತಿ ಸಾಲದೆ ಬಿಸಿಯಾಗುತ್ತದೆ, ರಕ್ಷಣೆಯ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ಹೀಗೆ ಹಲವು ದಿನ ಬಿಟ್ಟರೆ ಕಂಪ್ರೆಸರ್ ಸುಟ್ಟುಹೋಗುತ್ತದೆ.

ಕರೆಂಟು ಹೋಗಿ ತಕ್ಷಣ ಬಂದಾಗಲೂ ಇದೇ ಲಕ್ಷಣ ಕಾಣಬಹುದು. ಒಳಗಿನ ಅನಿಲದ ಒತ್ತಡ ಸಮನಾಗಲು ಕೆಲವು ನಿಮಿಷ ಬೇಕು. ಅಷ್ಟರೊಳಗೆ ಕಂಪ್ರೆಸರ್ ತಿರುಗಲಾರದು. ಆದುದರಿಂದ ಕರೆಂಟು ಬಂದ ಮೇಲೆ 5 ನಿಮಿಷ ಬಿಟ್ಟು ಸ್ವಿಚ್ ಹಾಕಬೇಕು. ತಡವಾಗಿ ಚಾಲೂ ಮಾಡುವ ವ್ಯವಸ್ಥೆಯುಳ್ಳ ಸ್ಟೆಬಿಲೈಸರ್ ಇದನ್ನು ತಾನೇ ಮಾಡುತ್ತದೆ. ಹೊಸ ಇನ್ವರ್ಟರ್ ಮಾದರಿಗಳು ವೋಲ್ಟೇಜ್ ಏರಿಳಿತವನ್ನು ಒಂದು ಮಿತಿಯವರೆಗೆ ತಡೆಯುತ್ತವೆ. ಆ ಮಿತಿಯನ್ನು ಕೈಪಿಡಿಯಲ್ಲಿ ನೋಡಿ, ನಿಮ್ಮ ಮನೆಯ ವೋಲ್ಟೇಜ್ ಅದಕ್ಕಿಂತ ಇಳಿಯುತ್ತಿದ್ದರೆ ಸ್ಟೆಬಿಲೈಸರ್ ಹಾಕಿಸಬೇಕು.

ಮನೆಯ ದೀಪಗಳು ಇದ್ದಕ್ಕಿದ್ದಂತೆ ಅತಿ ಪ್ರಕಾಶವಾಗಿ ಉರಿದರೆ ತಡಮಾಡದೆ ಮುಖ್ಯ ಸ್ವಿಚ್ ಆರಿಸಿ. ನ್ಯೂಟ್ರಲ್ ತಂತಿ ಕಡಿದಾಗ ಹೀಗಾಗುತ್ತದೆ, ಆಗ ಮನೆಯ ಎಲ್ಲ ಉಪಕರಣಗಳೂ ಸುಡಬಹುದು. ಮಾರ್ಗ ಸರಿಪಡಿಸುವವರೆಗೆ ಸ್ವಿಚ್ ಹಾಕಬಾರದು.

3. ಸದಾ ನಡೆಯುತ್ತದೆ, ತಂಪು ಸಾಲದು: ಬೇಸಿಗೆಯಲ್ಲಿ ಹೆಚ್ಚು ಬರುವ ದೂರು ಇದು. ಕೆಳಗಿನ ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

(ಅ) ಸ್ಥಳ: ಹಿಂಭಾಗದಲ್ಲಿ ಜಾಲರಿಯಿರುವ ಫ್ರಿಜ್‌ಗೂ ಗೋಡೆಗೂ ನಡುವೆ 10ರಿಂದ 15 ಸೆಂಟಿಮೀಟರ್ ಅಂತರವಿರಬೇಕು. ಪಕ್ಕಗಳಲ್ಲಿಯೂ ಮೇಲೆಯೂ ಗಾಳಿಯಾಡಬೇಕು. ಒಲೆಯ ಪಕ್ಕ ಅಥವಾ ಬಿಸಿಲು ಬೀಳುವ ಕಿಟಕಿಯ ಎದುರು ಇಡಬಾರದು. ಹೊಸ ಮಾದರಿಗಳಲ್ಲಿ ಜಾಲರಿ ಹೊರಗೆ ಕಾಣುವುದಿಲ್ಲ, ಪಕ್ಕದ ಗೋಡೆಗಳೊಳಗೆ ಇರುತ್ತದೆ. ಅಂತಹ ಫ್ರಿಜ್‌ನ ಪಕ್ಕಗಳು ಮುಟ್ಟಿದರೆ ಬೆಚ್ಚಗಿರುವುದು ಸಹಜ. ಅದಕ್ಕೆ ಬಟ್ಟೆ ಹೊದಿಸಬಾರದು.

(ಆ) ಧೂಳು: ಪ್ಲಗ್ ಕಿತ್ತು, ಹಿಂಭಾಗದ ಜಾಲರಿಯನ್ನು ಆರು ತಿಂಗಳಿಗೊಮ್ಮೆ ಮೃದುವಾದ ಬ್ರಷ್‌ನಿಂದ ಸ್ವಚ್ಛಗೊಳಿಸಬೇಕು. ರಾಗಿ ತೂರುವ, ಹಿಟ್ಟು ಜರಡಿ ಹಿಡಿಯುವ ಮನೆಗಳಲ್ಲಿ ಮೂರು ತಿಂಗಳಿಗೊಮ್ಮೆ ಮಾಡುವುದು ಒಳ್ಳೆಯದು.

(ಇ) ಬಾಗಿಲಿನ ರಬ್ಬರ್ ಪಟ್ಟಿ: ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದಿಯಿದೆ. ಸುತ್ತಲೂ ಹತ್ತಾರು ಕಡೆ ಹೀಗೆ ನೋಡಬೇಕು. ಅನೇಕ ಸಲ ಹಾಲು, ದ್ರಾಕ್ಷಿ ರಸ ಮತ್ತು ಜಿಡ್ಡು ಅಂಟಿ ಪಟ್ಟಿ ಗಟ್ಟಿಯಾಗಿರುತ್ತದೆ. ಸೋಪಿನ ಬಿಸಿನೀರಿನಿಂದ ಮಡಿಕೆಗಳನ್ನು ಒರೆಸಿದರೆ ಮತ್ತೆ ಹಿಡಿಯುತ್ತದೆ. ಎಣ್ಣೆ ಸವರಬಾರದು, ಅದರಿಂದ ರಬ್ಬರ್ ಕೆಡುತ್ತದೆ. ಹರಿದಿದ್ದರೆ ಹೊಸ ಪಟ್ಟಿ ಹಾಕಿಸಬೇಕು. ಅದಕ್ಕೆ ಹೆಚ್ಚು ಖರ್ಚಿಲ್ಲ.

(ಈ) ಒಳಗಿನ ದೀಪ: ಬಾಗಿಲು ಮುಚ್ಚಿದಾಗ ದೀಪ ಆರದಿದ್ದರೆ ಅದರ ಶಾಖ ಒಳಗೇ ಉಳಿಯುತ್ತದೆ. ಮೊಬೈಲ್ ಫೋನಿನಲ್ಲಿ ವಿಡಿಯೋ ಚಾಲೂ ಮಾಡಿ ಒಳಗಿಟ್ಟು ಬಾಗಿಲು ಮುಚ್ಚಿ ತೆಗೆದರೆ ತಿಳಿಯುತ್ತದೆ.

(ಉ) ತುಂಬುವ ರೀತಿ: ಬಿಸಿ ಸಾರು, ಕಾಯಿಸಿದ ಹಾಲು ಹಾಗೆಯೇ ಇಡಬಾರದು. ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿ ನಿಲ್ಲಿಸಿ ಆರಿಸಿ, ಮುಚ್ಚಿ ಇಡಬೇಕು. ಆರಿಸುವ ನೆಪದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು. ತಟ್ಟೆಗಳ ಮೇಲೆ ಕಾಗದ, ಪ್ಲಾಸ್ಟಿಕ್ ಹಾಸಿದರೆ ಗಾಳಿ ಕೆಳಕ್ಕೆ ಇಳಿಯುವುದಿಲ್ಲ.

ಇನ್ವರ್ಟರ್ ಮಾದರಿಯ ಕಂಪ್ರೆಸರ್ ನಿಧಾನ ವೇಗದಲ್ಲಿ ಬಹಳ ಹೊತ್ತು ನಡೆಯುವುದು ಸಹಜ. ಥರ್ಮಾಮೀಟರ್ 5 ಡಿಗ್ರಿಯೊಳಗೆ ತೋರಿಸುತ್ತಿದ್ದರೆ ಚಿಂತಿಸಬೇಕಾಗಿಲ್ಲ.

4. ಮಂಜು ದಪ್ಪವಾಗಿ ಕಟ್ಟುವುದು: ಹೆಚ್ಚು ಮಂಜಿದ್ದರೆ ಹೆಚ್ಚು ತಂಪು ಎಂಬುದು ತಪ್ಪು ತಿಳಿವಳಿಕೆ. ದಪ್ಪ ಮಂಜು ಕಂಬಳಿ ಹೊದಿಸಿದಂತೆ ಅಡ್ಡವಾಗಿ, ಕೆಳಗಿನ ಭಾಗದ ಶಾಖ ಮೇಲಕ್ಕೆ ಹೋಗದಂತೆ ತಡೆಯುತ್ತದೆ. ಸಾಧಾರಣ ಫ್ರಿಜ್‌ನಲ್ಲಿ ಮಂಜು ಅರ್ಧ ಸೆಂಟಿಮೀಟರ್ ಆದ ಕೂಡಲೆ ಕರಗಿಸಬೇಕು. ರಬ್ಬರ್ ಪಟ್ಟಿ ಸಡಿಲವಿದ್ದು ಹೊರಗಿನ ತೇವದ ಗಾಳಿ ನುಗ್ಗಿದಾಗ ಮಂಜು ಬೇಗ ಬೆಳೆಯುತ್ತದೆ.

ಮಂಜನ್ನು ಚಾಕು, ಸ್ಕ್ರೂಡ್ರೈವರ್ ಅಥವಾ ಕುಡುಗೋಲಿನ ಮೊನೆಯಿಂದ ಎಂದಿಗೂ ಕೆರೆಯಬಾರದು. ಮಂಜಿನ ಪೆಟ್ಟಿಗೆಯ ತಗಡಿನೊಳಗೇ ಅನಿಲದ ದಾರಿಗಳಿರುತ್ತವೆ. ಒಂದು ಸೂಜಿಮೊನೆಯಷ್ಟು ತೂತಾದರೂ ಅನಿಲವೆಲ್ಲ ಹೋಗುತ್ತದೆ. ಸ್ವಿಚ್ ಆರಿಸಿ, ಬಾಗಿಲು ತೆರೆದು, ಒಳಗೆ ಒಂದು ಬೋಗುಣಿ ಬಿಸಿನೀರು ಇಟ್ಟರೆ ಮಂಜು ತಾನೇ ಕಳಚುತ್ತದೆ.

5. ಮೇಲೆ ಮಂಜುಗಡ್ಡೆ, ಕೆಳಗೆ ಬೆಚ್ಚಗೆ: ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಹೀಗಾದರೆ ತಂಪು ಗಾಳಿಯ ದಾರಿ ಮುಚ್ಚಿದೆ ಎಂದರ್ಥ. ಮೊದಲು ಗಾಳಿಕಿಂಡಿಗೆ ಅಡ್ಡವಾದ ಪಾತ್ರೆ, ಚೀಲಗಳನ್ನು ಸರಿಸಿ. ಒಂದು ದಿನದಲ್ಲಿ ಸರಿಹೋಗದಿದ್ದರೆ ಒಳಗಿನ ಫಲಕದ ಹಿಂದೆ ಮಂಜು ಕಟ್ಟಿರಬಹುದು. ಎಲ್ಲವನ್ನೂ ಖಾಲಿ ಮಾಡಿ, ಪ್ಲಗ್ ಕಿತ್ತು, ಎರಡೂ ಬಾಗಿಲುಗಳನ್ನು ಒಂದು ದಿನ ತೆರೆದಿಡಿ. ಅನಂತರ ಒಂದೆರಡು ವಾರ ಚೆನ್ನಾಗಿ ನಡೆದು ಮತ್ತೆ ಅದೇ ತೊಂದರೆ ಬಂದರೆ, ಮಂಜು ಕರಗಿಸುವ ಹೀಟರ್, ಅದರ ಟೈಮರ್ ಅಥವಾ ಸೆನ್ಸರ್ ಕೆಟ್ಟಿರುವ ಸಂಭವ ಹೆಚ್ಚು. ಈ ವಿವರವನ್ನು ಮೆಕ್ಯಾನಿಕ್‌ಗೆ ಹೇಳಿದರೆ ಅವರಿಗೂ ಹುಡುಕುವ ಶ್ರಮ ತಪ್ಪುತ್ತದೆ.

6. ತರಕಾರಿ, ಹಾಲು ಹೆಪ್ಪುಗಟ್ಟುವುದು: ಬೇಸಿಗೆಯಲ್ಲಿ ಏರಿಸಿದ ಗುಂಡಿಯನ್ನು ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಇಳಿಸಲು ಮರೆತರೆ ಹೀಗಾಗುತ್ತದೆ. ಒಂದು ಅಂಕಿ ಇಳಿಸಿ, ಹಿಂದಿನ ಗೋಡೆಗೆ ತಾಗದಂತೆ ಪದಾರ್ಥಗಳನ್ನಿಡಿ.

7. ಒಳಗೆ ಅಥವಾ ಕೆಳಗೆ ನೀರು ನಿಲ್ಲುವುದು: ಹಿಂದಿನ ಗೋಡೆಯ ಕೆಳಭಾಗದಲ್ಲಿ ನೀರು ಹೋಗುವ ಸಣ್ಣ ರಂಧ್ರವಿದ್ದರೆ, ಕೊತ್ತಂಬರಿ, ಕರಿಬೇವಿನ ಎಲೆ ಸಿಕ್ಕಿ ಅದು ಕಟ್ಟಿಕೊಂಡಿರಬಹುದು. ಉಗುರುಬೆಚ್ಚಗಿನ ನೀರು ಬಿಟ್ಟು, ಮೃದುವಾದ ಕಡ್ಡಿಯಿಂದ ಬಿಡಿಸಬೇಕು. ಈ ನೀರು ಹಿಂಭಾಗದ ತಟ್ಟೆಗೆ ಬೀಳುತ್ತದೆ. ಆ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆ ಮರಿ ಮಾಡುತ್ತದೆ. ಆದುದರಿಂದ ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ ಉಜ್ಜಿ ತೊಳೆಯಬೇಕು. ಊರಿನಲ್ಲಿ ಲಾರ್ವಾ ಸಮೀಕ್ಷೆ ಮಾಡುವ ಕಾರ್ಯಕರ್ತರು ಈ ತಟ್ಟೆಯನ್ನು ಮರೆಯಬಾರದು.

8. ಶಬ್ದ ಮತ್ತು ವಾಸನೆ: ನೆಲ ಸಮನಾಗಿಲ್ಲದಿದ್ದರೆ ಗಡಗಡ ಶಬ್ದ ಬರುತ್ತದೆ. ಕಾಲಿನ ತಿರುಪುಗಳಿಂದ ಸಮ ಮಾಡಿ, ಮುಂಭಾಗವನ್ನು ಸ್ವಲ್ಪ ಎತ್ತರಿಸಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ವಾಸನೆಗೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಒರೆಸಿ, ಒಣಗಿಸಿ, ಸ್ವಲ್ಪ ಸೋಡಾವನ್ನು ಬಟ್ಟಲಿನಲ್ಲಿ ಒಳಗಿಡಬೇಕು.

9. ಮುಟ್ಟಿದರೆ ಷಾಕ್ ಹೊಡೆಯುವುದು: ಇದನ್ನು ಒಂದು ಗಂಟೆಯೂ ಮುಂದೂಡಬಾರದು. ಮನೆಯ ಮುಖ್ಯ ಸ್ವಿಚ್ ಆರಿಸಿ, ಅನಂತರ ಫ್ರಿಜ್‌ನ ಪ್ಲಗ್ ಕೀಳಬೇಕು. ಎರಡು ಕಡ್ಡಿಯ ಪ್ಲಗ್ ಬಳಸುವುದು ಅಥವಾ ಅರ್ಥಿಂಗ್ ಕಡ್ಡಿಯನ್ನು ಮುರಿಯುವುದು ಪ್ರಾಣಕ್ಕೆ ಅಪಾಯ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲು ತೆರೆಯುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಮನೆಯ ಅರ್ಥಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವುದು ಸೂಕ್ತ. ಷಾಕ್ ಹೊಡೆಯುವ ಫ್ರಿಜ್ ಅನ್ನು ಸರಿಪಡಿಸುವವರೆಗೆ ಬಳಸಬಾರದು.

ಗ್ಯಾಸ್ ನಿಜವಾಗಿ ಹೋಗಿದೆಯೆ?

ಸಾಧಾರಣ ಫ್ರಿಜ್‌ನಲ್ಲಿ ಇದನ್ನು ಮನೆಯವರೇ ಬಹುಮಟ್ಟಿಗೆ ಊಹಿಸಬಹುದು. ಮಂಜು ಪೂರ್ತಿ ಕರಗಿಸಿ ಒರೆಸಿ, ಫ್ರಿಜ್ ಚಾಲೂ ಮಾಡಿ, ಎರಡು ಮೂರು ಗಂಟೆಯ ನಂತರ ಮಂಜಿನ ಪೆಟ್ಟಿಗೆಯನ್ನು ನೋಡಿ.

ಎಲ್ಲ ಕಡೆ ಸಮನಾಗಿ ತೆಳುವಾದ ಮಂಜು ಕೂತಿದ್ದರೆ ಗ್ಯಾಸ್ ಸಾಕಷ್ಟಿದೆ. ತೊಂದರೆ ಬೇರೆ ಕಡೆಯಿದೆ. ಒಂದು ಮೂಲೆಯಲ್ಲಿ ಮಾತ್ರ ಮಂಜು ಕೂತು ಉಳಿದ ಭಾಗ ಬರಿದಾಗಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು, ಅಥವಾ ಸಣ್ಣ ಕೊಳವೆ ಕಟ್ಟಿಕೊಂಡಿರಬಹುದು. ಕಂಪ್ರೆಸರ್ ನಡೆಯುತ್ತಿದ್ದರೂ ಮಂಜೇ ಇಲ್ಲದೆ, ಹಿಂಭಾಗದ ಜಾಲರಿಯೂ ಬಿಸಿಯಾಗದಿದ್ದರೆ ಗ್ಯಾಸ್ ಪೂರ್ತಿ ಹೋಗಿರಬಹುದು, ಇಲ್ಲವೆ ಕಂಪ್ರೆಸರ್ ಒತ್ತುವ ಶಕ್ತಿ ಕಳೆದುಕೊಂಡಿರಬಹುದು.

ಮೇಲೂರಿನ ಫ್ರಿಜ್‌ನಲ್ಲಿ ನಾಲ್ಕೂ ಕಡೆ ಸಮನಾಗಿ ಮಂಜು ಇತ್ತು. ಗ್ಯಾಸ್ ಕೊರತೆ ಇರಲೇ ಇಲ್ಲ. ಎರಡು ಸಲ ತುಂಬಿಸಿದ ಹಣ ತೋಟದ ಯೂರಿಯಾದಂತೆಯೇ ವ್ಯರ್ಥವಾಗಿತ್ತು.

ಗ್ಯಾಸ್ ನಿಜವಾಗಿಯೂ ಹೋಗಿದ್ದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಗ್ಯಾಸ್ ತುಂಬುವುದು ತೂಬು ಮುಚ್ಚದೆ ಕೆರೆ ತುಂಬಿಸಿದಂತೆ. ಆದುದರಿಂದ ಮೆಕ್ಯಾನಿಕ್ ಬಂದಾಗ ಈ ನಾಲ್ಕು ವಿಷಯಗಳನ್ನು ಕೇಳಿ ತಿಳಿಯಬೇಕು:

(1) ತೂತು ಎಲ್ಲಿತ್ತು, ಅದನ್ನು ಮುಚ್ಚಿದ ನಂತರ ಒತ್ತಡ ಹಾಕಿ ಪರೀಕ್ಷಿಸಿದ್ದೀರಾ?
(2) ಕೊಳವೆಯಲ್ಲಿನ ತೇವ ಹೀರುವ ಫಿಲ್ಟರ್ ಹೊಸದು ಹಾಕಿದ್ದೀರಾ?
(3) ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಪಂಪ್‌ನಿಂದ ಒಳಗಿನ ಗಾಳಿ, ತೇವ ತೆಗೆದಿದ್ದೀರಾ?
(4) ಫ್ರಿಜ್‌ನ ಫಲಕದಲ್ಲಿ ಬರೆದ ಅದೇ ಗ್ಯಾಸ್ ಅನ್ನು, ಅಷ್ಟೇ ಗ್ರಾಂ ತೂಗಿ ಹಾಕಿದ್ದೀರಾ?

ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತಾರೆ. ಹಣ ಕೊಡುವ ಮೊದಲು ಖಾತರಿ ಕಾರ್ಡನ್ನೂ ನೋಡಬೇಕು. ಕಂಪ್ರೆಸರ್‌ಗೆ ಫ್ರಿಜ್‌ಗಿಂತ ಹೆಚ್ಚು ವರ್ಷಗಳ ಖಾತರಿ ಇರುವುದುಂಟು.

ಗ್ಯಾಸ್‌ನ ಬಗೆಯೂ ಮುಖ್ಯ. ಹಳೆಯ ಫ್ರಿಜ್‌ಗಳಲ್ಲಿ ಆರ್-12 ಎಂಬ ಅನಿಲವಿತ್ತು. ಅದು ಓಜೋನ್ ಪದರವನ್ನು ಹಾಳುಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ನಿಲ್ಲಿಸಲಾಯಿತು. ಅನಂತರ ಆರ್-134ಎ ಬಂದಿತು. ಈಗಿನ ಬಹಳಷ್ಟು ಮನೆಬಳಕೆಯ ಫ್ರಿಜ್‌ಗಳಲ್ಲಿ ಆರ್-600ಎ, ಅಂದರೆ ಐಸೊಬ್ಯುಟೇನ್ ಇದೆ. ಇದು ಓಜೋನ್‌ಗೆ ಹಾನಿ ಮಾಡುವುದಿಲ್ಲ, ಆದರೆ ಬೆಂಕಿ ಹಿಡಿಯುವ ಅನಿಲ. ಮಂಜಿನ ಪೆಟ್ಟಿಗೆ ತೂತಾಗಿ 'ಸುಯ್' ಎಂದು ಸದ್ದಾದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆಯಬೇಕು. ಸಮೀಪದ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಬೆಸುಗೆ ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿ, ಈ ಅನಿಲದ ತರಬೇತಿ ಇದ್ದವರೇ ಮಾಡಬೇಕು. ಅಗ್ಗವೆಂದು ಅಡುಗೆ ಅನಿಲ ತುಂಬಿಸಲು ಒಪ್ಪಬಾರದು.

ರೈತರ ಮನೆಯ ಫ್ರಿಜ್: ವಿಶೇಷ ಎಚ್ಚರಿಕೆಗಳು

ಕೀಟನಾಶಕ, ಶಿಲೀಂಧ್ರನಾಶಕ, ದ್ರಾಕ್ಷಿಗೆ ಬಳಸುವ ಚೋದಕಗಳ ಸೀಸೆಗಳನ್ನು ಯಾವ ಕಾರಣಕ್ಕೂ ಆಹಾರದ ಫ್ರಿಜ್‌ನಲ್ಲಿ ಇಡಬಾರದು. ಮುಚ್ಚಳ ಬಿಗಿಯಾಗಿದ್ದರೂ ಸೀಸೆಯ ಮೈಗೆ ಅಂಟಿದ ವಿಷ ಸಾಕು.

ರೇಷ್ಮೆ ಹುಳು ಮನೆಯ ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪುಡಿಯ ಚೀಲವನ್ನು ಫ್ರಿಜ್ ಇರುವ ಕೋಣೆಯಲ್ಲಿ ಇಡಬಾರದು. ಅದರಿಂದ ಹೊರಡುವ ಕ್ಲೋರಿನ್ ಲೋಹವನ್ನು ತಿನ್ನುತ್ತದೆ. ರೇಷ್ಮೆ ಮೊಟ್ಟೆಗಳನ್ನು ತಂಪಿನಲ್ಲಿಟ್ಟು ಚಾಕಿ ಮುಂದೂಡುವ ಪ್ರಯೋಗವನ್ನೂ ಮನೆಯ ಫ್ರಿಜ್‌ನಲ್ಲಿ ಮಾಡಬಾರದು. ಮೊಟ್ಟೆಯ ಬೆಳವಣಿಗೆಯ ಹಂತಕ್ಕೆ ತಕ್ಕ ಉಷ್ಣಾಂಶ, ಆರ್ದ್ರತೆ ಮತ್ತು ಅವಧಿ ತಪ್ಪಿದರೆ ಇಡೀ ಬೆಳೆ ಹೋಗುತ್ತದೆ. ಮೊಟ್ಟೆ ಕೊಟ್ಟ ಕೇಂದ್ರದವರ ಸಲಹೆಯನ್ನೇ ಅನುಸರಿಸಬೇಕು.

ತರಕಾರಿ ಬೀಜಗಳನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಬಹುದು. ಹೊರತೆಗೆದಾಗ ಡಬ್ಬಿಯನ್ನು ತಕ್ಷಣ ತೆರೆಯಬಾರದು. ಅದು ಕೋಣೆಯ ಉಷ್ಣಾಂಶಕ್ಕೆ ಬಂದ ಮೇಲೆ ತೆರೆದರೆ ಬೀಜದ ಮೇಲೆ ನೀರು ಕೂರುವುದಿಲ್ಲ.

ಇನ್ಸುಲಿನ್ ಮತ್ತು ತಂಪಿನಲ್ಲಿಡಬೇಕಾದ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಬೇಕು. ಬಾಗಿಲಿನಲ್ಲಿಯೂ, ಮಂಜಿನ ಪೆಟ್ಟಿಗೆಯ ಕೆಳಗೂ, ಹಿಂದಿನ ಗೋಡೆಗೆ ತಾಗಿಸಿಯೂ ಇಡದೆ, ಮಧ್ಯದ ತಟ್ಟೆಯ ನಡುವೆ ಮುಚ್ಚಳದ ಡಬ್ಬಿಯಲ್ಲಿಡಬೇಕು. ಫ್ರಿಜ್ ಕೆಟ್ಟಿದ್ದರೆ ಮಂಜಿನ ಪೆಟ್ಟಿಗೆಗೆ ವರ್ಗಾಯಿಸದೆ, ಔಷಧ ಅಂಗಡಿಯವರನ್ನಾಗಲಿ ವೈದ್ಯರನ್ನಾಗಲಿ ಕೇಳಬೇಕು.

ಟೊಮ್ಯಾಟೊ, ಬಾಳೆ, ಆಲೂಗಡ್ಡೆ, ಈರುಳ್ಳಿಗಳಿಗೆ ಫ್ರಿಜ್ ಬೇಕಿಲ್ಲ. ಅತಿ ತಂಪಿನಲ್ಲಿ ಟೊಮ್ಯಾಟೊ, ಬಾಳೆ ಕೆಡುತ್ತವೆ. ಮಾರಾಟಕ್ಕೆ ಉಳಿದ ಸೊಪ್ಪು, ತರಕಾರಿಗಳನ್ನು ಫ್ರಿಜ್‌ಗೆ ತುಂಬುವ ಬದಲು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ವಿದ್ಯುತ್ ಬೇಡದ ತಂಪು ಕೋಣೆಯನ್ನು ಹಿತ್ತಲಿನ ನೆರಳಿನಲ್ಲಿ ಕಟ್ಟಿಕೊಳ್ಳಬಹುದು. ಎರಡು ಸಾಲು ಇಟ್ಟಿಗೆ ಗೋಡೆಯ ನಡುವೆ ಸುಮಾರು 7.5 ಸೆಂಟಿಮೀಟರ್ ಮರಳು ತುಂಬಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದರಾಯಿತು. ನಮ್ಮ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಫ್ರಿಜ್ ಅನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ನಿಲ್ಲಿಸಿಯೇ ಕಟ್ಟಬೇಕು. ಮಲಗಿಸಿ ತಂದಿದ್ದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ನಿಲ್ಲಿಸಿ ಕೆಲವು ಗಂಟೆ ಬಿಟ್ಟು, ಸಾಧ್ಯವಾದರೆ ಒಂದು ರಾತ್ರಿ ಕಳೆದು, ಸ್ವಿಚ್ ಹಾಕಬೇಕು.

ಕರೆಂಟು ಹೋದಾಗ

ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ ಹಾಲನ್ನು ತೆಗೆದು ಕಾಯಿಸಬೇಕು. ಬೇಯಿಸಿದ ಮಾಂಸ, ಮೊಟ್ಟೆಯ ಪದಾರ್ಥಗಳು 5 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶದಲ್ಲಿ ಎರಡು ಗಂಟೆಗಿಂತ ಹೆಚ್ಚು ಉಳಿದಿದ್ದರೆ, ವಾಸನೆ ಚೆನ್ನಾಗಿದ್ದರೂ ಬಿಸಾಡಬೇಕು. ಕಾಯಿಲೆ ತರುವ ಅನೇಕ ಸೂಕ್ಷ್ಮಾಣುಗಳು ವಾಸನೆ ಬಾರದೆಯೇ ಬೆಳೆದಿರುತ್ತವೆ. ನೀರು ತುಂಬಿದ ಒಂದೆರಡು ಸೀಸೆಗಳನ್ನು ಫ್ರಿಜ್‌ನಲ್ಲಿ ಸದಾ ಇಟ್ಟರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ.

ನೆನಪಿಡಬೇಕಾದ ಅಂಶಗಳು

1. ಥರ್ಮಾಮೀಟರ್ ಇಟ್ಟು ಅಳೆಯಿರಿ. ಮಧ್ಯದ ತಟ್ಟೆಯಲ್ಲಿ 2ರಿಂದ 5 ಡಿಗ್ರಿ ಇರಬೇಕು.
2. ವಿದ್ಯುತ್, ಸ್ಥಳ, ಧೂಳು, ರಬ್ಬರ್ ಪಟ್ಟಿ, ಮಂಜು, ಈ ಐದನ್ನೂ ನೋಡಿದ ಮೇಲೆಯೇ ಮೆಕ್ಯಾನಿಕ್‌ನನ್ನು ಕರೆಯಿರಿ.
3. ಸಮನಾದ ಮಂಜು ಕೂತಿದ್ದರೆ ಗ್ಯಾಸ್ ತುಂಬಿಸಬೇಡಿ.
4. ಮಂಜನ್ನು ಕೆರೆಯಬೇಡಿ.
5. ಷಾಕ್, ಸುಟ್ಟ ವಾಸನೆ, ಗ್ಯಾಸ್ ಸೋರಿಕೆ ಕಂಡರೆ ಸ್ವಂತ ರಿಪೇರಿ ಮಾಡಬೇಡಿ.
6. ಹೆಪ್ಪುಗಟ್ಟಿದ ಇನ್ಸುಲಿನ್ ಬಳಸಬೇಡಿ.

ಮೇಲೂರಿನ ಆ ಮನೆಯಲ್ಲಿ ಅಂದು ನಾವು ಮಾಡಿದ್ದಿಷ್ಟೆ. ಗೋಣಿಚೀಲಗಳನ್ನು ತೆಗೆದು, ಫ್ರಿಜ್ ಅನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಮಂಜು ಕರಗಿಸಿ, ಕಾಗದ ಜಾರಿ ಬರುತ್ತಿದ್ದ ಮೂಲೆಯ ರಬ್ಬರ್ ಪಟ್ಟಿಯನ್ನು ಬಿಸಿನೀರಿನಿಂದ ಒರೆಸಿದೆವು. ಮರುದಿನ ಬೆಳಿಗ್ಗೆ ಅವರು ಫೋನು ಮಾಡಿ, "ನಾಲ್ಕು ಡಿಗ್ರಿ ತೋರಿಸುತ್ತಾ ಇದೆ ಸಾರ್" ಎಂದರು. ಥರ್ಮಾಮೀಟರನ್ನು ಅವರಲ್ಲಿಯೇ ಬಿಟ್ಟು ಬಂದಿದ್ದೆ. ಮುಂದಿನ ತಿಂಗಳು ಬೇರುಗಂಟಿನ ಉಪಚಾರ ನೋಡಲು ಹೋದಾಗ ಅಜ್ಜಿಯ ಹೊಸ ಸೀಸೆ ಮಧ್ಯದ ತಟ್ಟೆಯಲ್ಲಿ, ಒಂದು ಸಣ್ಣ ಡಬ್ಬಿಯಲ್ಲಿತ್ತು. ಸಕ್ಕರೆ ಇಳಿಯತೊಡಗಿದೆಯೆಂದು ಮನೆಯವರು ತಿಳಿಸಿದರು. ವಿಸ್ತರಣಾ ಕಾರ್ಯಕರ್ತರು ತೋಟ ನೋಡಲು ಹೋದಾಗ ಮನೆಯ ಫ್ರಿಜ್‌ನ ಕಡೆಗೂ ಒಮ್ಮೆ ಗಮನ ಕೊಟ್ಟರೆ ಇಂತಹ ನಷ್ಟಗಳನ್ನು ತಪ್ಪಿಸಬಹುದು.